ಸಾವಕಾರರ ಬಿಯರ್

ಬಾಂಬರ್ಗ್, ಜರ್ಮನಿ
೧೬ ಮೇ ೨೦೦೪

ನಿಮ್ಮೀ,

ಮೊದಲು ಬಾಗಿಲು ಹಾಕಿಕೊಂಡು ಕೂತು ಓದು. ನಿನ್ನ ಅಡಿಗೆಯ ಅಕ್ಬರಬಿ ಕೇಳಿದರೆ ಮೇಧಾ ಚೆನ್ನಾಗಿದ್ದಾಳಂತೆ, ಅಲ್ಲಿ ಚಳಿಯಂತೆ ಎಂದಷ್ಟೇ ಹೇಳು. ಯಾಕೆಂದರೆ ಹಾವೇರಿಯ ಕೃಷ್ಣಾಜಿ ಮಾಸ್ತರರ ಮಗಳು, ಉಳ್ಳಾಗಡ್ಡಿ ಕೂಡ ಹೊಸ್ತಿಲು ದಾಟದ ಮನೆಯವಳು, ನಿನ್ನೆ ಬಿಯರ್ ಕುಡಿದಳು. ಒಂದು ಗುಟುಕಲ್ಲ, ಇಡೀ ಗ್ಲಾಸು.

ಲ್ಯಾಬಿನವರು ಕರೆದುಕೊಂಡು ಹೋಗಿದ್ದರು. ನನ್ನ ಕೆಲಸ ನಿನಗೆ ಗೊತ್ತಲ್ಲ, ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಬಣ್ಣ ಎಷ್ಟು ಕೆಂಪು ಎಂದು ಅಳೆಯುವುದು. ದಿನವಿಡೀ ಕೆಂಪು ನೋಡಿ ಕಣ್ಣು ಉರಿಯುತ್ತಿದ್ದವು. ಟೇಬಲ್ಲಿಗೆ ಬಂದದ್ದು ಕಡುಗಂದು ಬಣ್ಣದ್ದು. ಮೂಗಿನ ಹತ್ತಿರ ತಂದರೆ ಒಲೆಯ ಹೊಗೆ! ಖರೇ ಹೇಳುತ್ತೇನೆ, ಕೆಂಡದಲ್ಲಿ ಬದನೆಕಾಯಿ ಸುಡುವಾಗ ಅಡಿಗೆಮನೆ ತುಂಬ ಏಳುತ್ತದಲ್ಲ, ಅದೇ ವಾಸನೆ. ಇಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ ಕಟ್ಟಿಗೆಯ ಬೆಂಕಿಯ ಮೇಲೆ ಒಣಗಿಸುತ್ತಾರಂತೆ. ಆ ಹೊಗೆ ಕಾಳಿನೊಳಗೆ ಕೂತು ಗ್ಲಾಸಿನ ತನಕ ಬರುತ್ತದೆ. ಮೊದಲನೆಯ ಗ್ಲಾಸು ಯಾರಿಗೂ ಸೇರುವುದಿಲ್ಲ, ಮೂರನೆಯದಕ್ಕೆ ಹೊಂದಿಕೊಳ್ಳುತ್ತೀ ಎಂದು ಪಕ್ಕದಲ್ಲಿ ಕೂತವರು ಅಂದರು. ನನಗೆ ಮೊದಲನೆಯದೇ ಸೇರಿತು.

ನಗು ಬರುವುದು ನಿನ್ನನ್ನು ನೆನೆದು. ಅಪ್ಪನ ನಂತರ ರಾಣೆಬೆನ್ನೂರಿನ ಸ್ಟೇಶನ್ ರೋಡಿನಲ್ಲಿ ಬಾರ್ ನಡೆಸುವವಳು ನೀನು, ಒಂದು ಹನಿ ನಾಲಿಗೆಗೆ ಹಚ್ಚಿದವಳಲ್ಲ. ನೀನು ಮಾರುವುದರ ರುಚಿ ಹೇಗಿರುತ್ತದೆ? ಕುಡಿದು ನೋಡಿ ಬರೆ. ಇಮೇಲ್ ಬೇಡ ಅಂದಿದ್ದೀ, ಸೈಬರ್ ಅಂಗಡಿಯ ಹುಡುಗರು ಬೆನ್ನ ಹಿಂದೆ ನಿಂತು ಓದುತ್ತಾರೆ ಅಂತ. ಕಾಗದವೇ ಇರಲಿ.

ನಿನ್ನ
ಮೇಧಾ


ರಾಣೆಬೆನ್ನೂರು
೧೨ ಜೂನ್ ೨೦೦೪

ಮೇಧಾ,

ಕಾಗದ ಓದಿ ನಕ್ಕೆ. ಆಮೇಲೆ ಸಿಟ್ಟು ಬಂತು.

ನೀನು ಅಲ್ಲಿ ಕುಡಿದದ್ದಕ್ಕೆ ರುಚಿ ಇದೆ, ವಾಸನೆ ಇದೆ, ಊರಿನ ಹೆಸರಿದೆ. ಇಲ್ಲಿ ನಾನು ಮಾರುವುದಕ್ಕೆ ಒಂದೇ ಹೆಸರು. ಬಿಯರ್ ಇರಲಿ, ಬ್ರಾಂಡಿ ಇರಲಿ, ಎಲ್ಲವೂ ಸೆರೆ. ನಮ್ಮದು ಸೆರೆದಂಗಡಿ. ಅಪ್ಪ ಬೋರ್ಡಿನ ಮೇಲೆ ಬಾರ್ ಅಂಡ್ ರೆಸ್ಟೋರೆಂಟ್ ಎಂದು ಎಷ್ಟು ದೊಡ್ಡದಾಗಿ ಬರೆಸಿದರೂ ಮಂದಿ ಓದಿಕೊಂಡದ್ದು ಅದನ್ನೇ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬರೆದಾಗಲೆಲ್ಲ ನನಗೆ ಅದು ಹೊಸದಾಗುತ್ತದೆ, ನಾನು ಮರೆಯಬಾರದು. ೧೯೯೯ರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಸಾವಕಾರ ಶಂಭುಲಿಂಗ ನನ್ನನ್ನು ನೋಡಿ ಒಪ್ಪಿದ. ನಮ್ಮದು ಹೋಟೆಲ್ ಎಂದು ಮಧ್ಯಸ್ಥರು ಹೇಳಿದ್ದರಂತೆ. ನಿಶ್ಚಯದ ದಿನ ಅವನ ಅವ್ವ ಪ್ರೇಮವ್ವ ನಮ್ಮ ಪಡಸಾಲೆಯಲ್ಲಿ ಕೂತಳು. ನಾನೇ ನೀರಿನ ಚರಿಗೆ ಕೊಟ್ಟೆ. ಅದು ಅವಳ ಕೈಯಲ್ಲಿರುವಾಗಲೇ ಯಾರೋ ಕಿವಿಯಲ್ಲಿ ಊದಿದರು. ಎದ್ದು ನಿಂತು, "ಸೆರೆದಂಗಡಿ ಮನ್ಯಾಗ ನಾವು ನೀರೂ ಕುಡಿಯಂಗಿಲ್ಲ" ಅಂದಳು. ಎಲ್ಲರೂ ನೋಡುತ್ತಿರುವಂತೆ ಆ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಅವಳ ಮಗ ನೆಲ ನೋಡುತ್ತ ಅವಳ ಹಿಂದೆ ಹೋದ. ನನ್ನ ಅಪ್ಪ ಅಂದಾನೆಪ್ಪ, ಇಡೀ ಓಣಿಗೆ ಗಟ್ಟಿ ದನಿಯ ಮನುಷ್ಯ, ಅವತ್ತಿನಿಂದ ಗಲ್ಲಾದ ಮೇಲೆ ಕೂರಲೇ ಇಲ್ಲ. ವರ್ಷ ತುಂಬುವುದರೊಳಗೆ ತೀರಿಕೊಂಡ.

ನಿಶ್ಚಯ ಮುರಿದ ಸುದ್ದಿ ಕೇಳಿ ನೀನು ಧಾರವಾಡದ ಹಾಸ್ಟೆಲ್ಲಿನಿಂದ ಓಡಿ ಬಂದು ನನ್ನ ಪಕ್ಕ ಮಲಗಿದೆ. "ಅವನ ಬಾಯಿ ಸುಡಲಿ" ಅಂದೆ. ಆ ಒಂದು ಮಾತಿಗೆ ನಾನು ನಿನಗೆ ಇವತ್ತಿಗೂ ಋಣಿ.

ನನಗೆ ಬೇಕಾದದ್ದು ಹೆಚ್ಚೇನಲ್ಲ. ಆ ಶಂಭುಲಿಂಗ ನಮ್ಮ ಅಂಗಡಿಯ ಮುಂದಿನ ಹಾಲಿನಲ್ಲಿ ಕೂರಬೇಕು, ನನ್ನ ಕೈಯಿಂದ ಗ್ಲಾಸು ಇಸಿದುಕೊಂಡು ಕುಡಿಯಬೇಕು. ಎದುರಿಗೆ ಬ್ಯಾಡಗಿ ಬಸ್ಸಿನಿಂದ ಇಳಿಯುವ ಮಂದಿ ಅದನ್ನು ನೋಡಬೇಕು. ಅದು ಅವನ ಅವ್ವನ ಕಿವಿಗೆ ಬೀಳಬೇಕು. ಅಷ್ಟಾದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಕುಡಿದು ನೋಡು ಎಂದೆಯಲ್ಲ. ನೋಡೋಣ.

ನಿರ್ಮಲಾ


ಬಾಂಬರ್ಗ್
೩ ಅಕ್ಟೋಬರ್ ೨೦೦೪

ನಿಮ್ಮೀ,

ಉತ್ತರ ತಡವಾಯಿತು, ಬೈಯಬೇಡ. ಈ ಊರು ನಿನ್ನನ್ನು ಹಾಳು ಮಾಡುತ್ತದೆ. ಓಣಿಗೊಂದು ಬಿಯರ್, ಅದಕ್ಕೊಂದು ಜಗಳ. ಕಹಿಯದು ಒಂದಿದೆ, ಬಂಗಾರದ ಬಣ್ಣದ್ದು, ಬೇವಿನ ಹೂವಿನಷ್ಟು ಹಗುರ ಕಹಿ. ಕುಡಿದ ಮೇಲೆ ಬಾಯಿ ತೊಳೆದಷ್ಟು ಸ್ವಚ್ಛವಾಗುತ್ತದೆ.

ಆದರೆ ನನ್ನ ಮನಸ್ಸು ಕದ್ದದ್ದು ಗೋಧಿಯದು. ಮಸಕು ಮಸಕಾಗಿ ಗಂಜಿಯ ತಿಳಿಯಂತೆ ಕಾಣುತ್ತದೆ. ಅದನ್ನು ಸುರಿಯುವುದಕ್ಕೂ ಒಂದು ಕ್ರಮವಿದೆ. ಎತ್ತರದ ಗ್ಲಾಸನ್ನು ಓರೆ ಹಿಡಿದು ನಿಧಾನ ಸುರಿಯಬೇಕು. ತಳದಲ್ಲಿ ತುಸು ಉಳಿದಾಗ ನಿಲ್ಲಿಸಿ ಬಾಟಲಿಯನ್ನು ಕೈಯಲ್ಲಿ ಗಿರಗಿರ ತಿರುಗಿಸಬೇಕು. ಕೆಳಗೆ ಕೂತ ಹುದುಗು ಎದ್ದ ಮೇಲೆ ಅದನ್ನೂ ಮೇಲೆ ಹಾಕಬೇಕು. ಆ ಹುದುಗಿನಲ್ಲೇ ರುಚಿ ಇರುವುದು. ನಮ್ಮ ಕಡೆಯವರೊಬ್ಬರು ಕೆಲಸದ ಮೇಲೆ ಇಲ್ಲಿಗೆ ಬಂದಿದ್ದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಬಾಳೆಹಣ್ಣಿಗೆ ಲವಂಗ ಚುಚ್ಚಿಟ್ಟಂಗ ಐತಲ್ರಿ" ಅಂದರು. ಎಷ್ಟು ಸರಿ! ಇಲ್ಲಿಯವರಿಗೆ ಹೇಳಿದೆ, ಅವರೂ ತಲೆದೂಗಿದರು. ಆ ಎರಡು ತಿಂಗಳು ಕನ್ನಡದಲ್ಲಿ ಕುಡಿದೆವು, ಕನ್ನಡದಲ್ಲಿ ನಕ್ಕೆವು. ಅವರು ಊರಿಗೆ ಮರಳಿದ ಮೇಲೆ ಬಿಯರ್ ಅದೇ ಇದೆ, ಟೇಬಲ್ಲು ಮಾತ್ರ ದೊಡ್ಡದಾಗಿದೆ.

ನಿನ್ನ ಹಗೆಯ ಮಾತಿಗೆ ಏನಾದರೂ ಬರೆಯಬೇಕೆಂದು ಕೂತಿದ್ದೆ, ಬೇರೆಯೇ ಬರೆದೆ. ಇರಲಿ. ನೀನು ಕುಡಿಯುವಾಗ ತೀರ ತಣ್ಣಗೆ ಕುಡಿಯಬೇಡ. ನಾಲಿಗೆ ಜುಮ್ಮುಗಟ್ಟಿದರೆ ಏನೂ ತಿಳಿಯುವುದಿಲ್ಲ.

ಮೇಧಾ


ರಾಣೆಬೆನ್ನೂರು
೨೦ ಜನವರಿ ೨೦೦೫

ಮೇಧಾ,

ಕುಡಿದೆ. ಅಂಗಡಿ ತೆರೆಯುವ ಮುಂಚೆ, ಹಿಂದಿನ ಅಡಿಗೆಮನೆಯಲ್ಲಿ, ಸ್ಟೀಲಿನ ಲೋಟದಲ್ಲಿ. ಅಕ್ಬರಬಿ ಮಿರ್ಚಿಗೆ ಹಿಟ್ಟು ಕಲಸುತ್ತಿದ್ದವಳು ಕೈ ಅಲ್ಲೇ ಬಿಟ್ಟು ನೋಡುತ್ತ ನಿಂತಳು. "ನಿಮಗ ತಲಿ ಕೆಟ್ಟೈತಿ" ಅಂದಳು. ಮೊದಲ ಗುಟುಕು ಹಾಗಲಕಾಯಿ ತೊಳೆದ ನೀರು. ಮೋರಿಗೆ ಚೆಲ್ಲಿದೆ. ಇಷ್ಟು ವರ್ಷ ಇದಕ್ಕೇನಾ ಮಂದಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದು ಕೂತದ್ದು ಅನಿಸಿತು.

ಆಮೇಲೆ ನಿನ್ನ ಮಾತು ನೆನಪಾಯಿತು. ಇನ್ನೊಂದನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಇಟ್ಟು, ಅಂಗಡಿ ಕಸ ಗುಡಿಸಿ ಬಂದು ಕುಡಿದೆ. ಮೇಧಾ, ಅದು ಬೇರೆಯೇ ಆಗಿತ್ತು. ಜೋಳ ನೆನೆಹಾಕಿದ ಪಾತ್ರೆಯ ವಾಸನೆ, ಅದರ ಹಿಂದೆ ಒಂದಿಷ್ಟು ಸಿಹಿ. ನನ್ನ ಅಂಗಡಿಯಲ್ಲಿ ಇಂಥದ್ದು ಇದೆ ಎಂದು ನನಗೇ ಗೊತ್ತಿರಲಿಲ್ಲ. ಅವತ್ತಿನಿಂದ ದಿನಕ್ಕೆ ಒಂದೊಂದು ರುಚಿ ನೋಡುತ್ತ ಬಂದೆ. ಇಲ್ಲಿ ಇರುವುದೇ ಎರಡು ಜಾತಿ, ಮೈಲ್ಡ್ ಮತ್ತು ಸ್ಟ್ರಾಂಗ್. ಸ್ಟ್ರಾಂಗ್ ಗಂಟಲಲ್ಲಿ ಬಿಸಿ ಮಾಡಿ ಹೋಗುತ್ತದೆ, ಅದರಲ್ಲಿ ಹುಡುಕಲು ಏನಿಲ್ಲ. ಕಿಟಕಿಯಲ್ಲಿ ಅಂದಕ್ಕೆಂದು ಇಟ್ಟಿದ್ದ ಬಾಟಲಿ ತೆರೆದರೆ ಬೆಕ್ಕು ಹೊಲಸು ಮಾಡಿದ ಮೂಲೆಯ ನಾತ. ಬಿಸಿಲು ತಾಗಿ ಕೆಟ್ಟಿತ್ತು. ಕಿಟಕಿಯದನ್ನೆಲ್ಲ ತೆಗೆಸಿ ಒಳಗಿನ ತಣ್ಣನೆಯ ಕೋಣೆಗೆ ಹಾಕಿಸಿದೆ. ಹಲಗೇರಿಯಿಂದ ಬರುವ ರೈತರೇ ಮೊದಲು ಗುರುತಿಸಿದರು, ನಿಮ್ಮಲ್ಲಿ ಬಿಯರ್ ಈಗ ಬೇಷ್ ಆಗೇತಿ ಅಂದರು. ನನಗೆ ಎಷ್ಟೋ ವರ್ಷಗಳ ಮೇಲೆ ಒಂದು ಸುಖ ಸಿಕ್ಕಿದೆ. ಅದು ನೀನು ಕೊಟ್ಟದ್ದು.

ಈಗ ನಿಜವಾದ ಸುದ್ದಿ ಕೇಳು. ಶಂಭುಲಿಂಗನ ಲಾರಿ ಓಡಿಸುವ ಬುಡನಸಾಬ ಹಿಂದಿನ ಓಣಿಯ ಬಾಗಿಲಿಗೆ ಬಂದಿದ್ದ. "ಗೋಧಿ ಬಿಯರ್ ಐತೇನ್ರಿ ಅಕ್ಕಾರ? ಇಲ್ಲಂದ್ರ ಕರೇದು? ಸಾವಕಾರ್ರು ಕೇಳ್ಯಾರ" ಅಂದ. ನಾನು ಕೂತಲ್ಲೇ ಕೂತೆ. ನಮ್ಮ ನೀರು ಮುಟ್ಟದವರ ಮನೆಯಿಂದ! ಗೋವಾಕ್ಕೆ ಹೋಗಿ ಪರದೇಶದವರ ಜೊತೆ ಕೂತು ಕಲಿತಿರಬೇಕು. ಹುಬ್ಬಳ್ಳಿಯ ತನಕ ಹುಡುಕಿಸಿದ್ದಾನಂತೆ, ಎಲ್ಲೂ ಸಿಕ್ಕಿಲ್ಲವಂತೆ. ಆಸೆ ಹತ್ತಿದ ಗಂಡಸು, ಮೇಧಾ. ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಬಾರದು.

ನೀನು ಬರುವಾಗ ಆ ಗೋಧಿಯದು ಒಂದು ಬಾಟಲಿ ತಾ. ಇಲ್ಲಿದೆ ಎಂದು ಅವನಿಗೆ ಹೇಳಿ ಕಳಿಸುತ್ತೇನೆ. ಕುಡಿಯಬೇಕೆಂದರೆ ಮುಂದಿನ ಹಾಲಿಗೆ ಬಂದು ಕುಡಿ ಎನ್ನುತ್ತೇನೆ. ಬರುತ್ತಾನೆ, ನೋಡುತ್ತಿರು.

ನಿರ್ಮಲಾ


ಬಾಂಬರ್ಗ್
೧೧ ಏಪ್ರಿಲ್ ೨೦೦೫

ನಿಮ್ಮೀ,

ನೀನು ಮೋರಿಗೆ ಚೆಲ್ಲಿದ್ದು ಓದಿ ನಕ್ಕೆ. ನಿನ್ನ ಮೂಗು ನನ್ನ ಮೂಗಿಗಿಂತ ಚುರುಕು. ಇಲ್ಲಿ ಈಗಷ್ಟೇ ಉಪವಾಸದ ದಿನಗಳು ಮುಗಿದವು. ಹಿಂದೆ ಮಠದ ಸನ್ಯಾಸಿಗಳು ಊಟ ಬಿಟ್ಟು ಅದಕ್ಕೆಂದೇ ಮಾಡಿದ ಗಟ್ಟಿ ಬಿಯರ್ ಕುಡಿಯುತ್ತಿದ್ದರಂತೆ. ಕಪ್ಪು, ದಪ್ಪ, ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿನ ವಾಸನೆ. ಅರ್ಧ ಗ್ಲಾಸಿಗೆ ಹೊಟ್ಟೆ ತುಂಬುತ್ತದೆ. ನಮ್ಮ ಸೋಮವಾರಗಳಿಗೆ ಯಾಕೆ ಯಾರಿಗೂ ಇದು ಹೊಳೆಯಲಿಲ್ಲವೋ.

ಬಾಟಲಿಯ ವಿಷಯ. ತರುವುದೇನೂ ಕಷ್ಟವಲ್ಲ. ಆದರೆ ನಿಮ್ಮೀ, ಎಷ್ಟು ದಿನ ಇದನ್ನು ಹೊತ್ತು ತಿರುಗುತ್ತೀ? ಆಗ ಅವರಿಗೆ ವಯಸ್ಸೆಷ್ಟು? ಅವ್ವನ ಎದುರು ನಿಲ್ಲುವುದು ಅವರಿಂದ ಆಗಲಿಲ್ಲ. ಅವರು ಅದನ್ನು ಮರೆತಿರಲಾರರು ಎಂದು ನನಗೆ ಅನಿಸುತ್ತದೆ. ಒಳ್ಳೆಯ ಬಿಯರಿನ ಮೇಲೆ ಮನಸ್ಸಾಯಿತೆಂದು ಅವರನ್ನು ಮಂದಿಯ ಎದುರು ಕೂರಿಸಿ ನಗೆಪಾಟಲು ಮಾಡಬೇಕೇ? ಕುಡಿಯುವ ಸಂತೋಷಕ್ಕೆ ಹಗೆ ಬೆರೆಸಬೇಡ.

ಮೇಧಾ


ರಾಣೆಬೆನ್ನೂರು
೨ ಮೇ ೨೦೦೫

ಮೇಧಾ,

"ಅವನ ಬಾಯಿ ಸುಡಲಿ" ಅಂದವಳು ನೀನು. ಈ ಕಾಗದದಲ್ಲಿ ಅವನು ‘ಅವರು’ ಆಗಿದ್ದಾನೆ. ಸಾಲುಸಾಲಿಗೂ ಅವರು, ಅವರಿಂದ, ಅವರನ್ನು. ಹೆಸರು ಒಂದು ಕಡೆ ಬರೆಯಲು ಹೋಗಿ ಗೀಚಿ ಹಾಕಿದ್ದೀ, ಬೆಳಕಿಗೆ ಹಿಡಿದರೆ ‘ಶಂ’ ಕಾಣುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೆಸರು ಹಿಡಿಯದೆ ಅವರು ಎನ್ನುವುದು ಯಾರಿಗೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಬಾಟಲಿ ತರಬೇಡ. ಒಂದೇ ಮಾತು ಬರೆ. ಬಾಳೆಹಣ್ಣಿಗೆ ಲವಂಗ ಚುಚ್ಚಿಟ್ಟಂತಿದೆ ಎಂದವನು ಯಾರು?

ನಿರ್ಮಲಾ


ಬಾಂಬರ್ಗ್
೯ ಅಕ್ಟೋಬರ್ ೨೦೦೫

ನಿಮ್ಮೀ,

ಬರೆದು ಬರೆದು ಹರಿದೆ. ಸುತ್ತಿ ಬಳಸದೆ ಹೇಳುತ್ತೇನೆ. ಹೌದು, ಅವರೇ.

ಮೆಣಸಿನಕಾಯಿಯ ಸ್ಯಾಂಪಲ್ ಹಿಡಿದುಕೊಂಡು ನಮ್ಮ ಲ್ಯಾಬಿಗೆ ಬಂದಿದ್ದರು. ಹೆಸರು ಕೇಳಿದ ಕೂಡಲೇ ಎದ್ದು ಹೋಗಬೇಕಿತ್ತು. ಆದರೆ ಕನ್ನಡ ಕಿವಿಗೆ ಬಿದ್ದು ತಿಂಗಳುಗಳಾಗಿದ್ದವು, ಕೂತುಬಿಟ್ಟೆ. ನಿನ್ನ ಹೆಸರು ಎತ್ತಿದಾಗ ಅವರು ಕುಡಿಯುತ್ತಿದ್ದ ಗ್ಲಾಸು ಕೆಳಗಿಟ್ಟರು. ಫೆಬ್ರವರಿಯಲ್ಲಿ ಹಾವೇರಿಯಲ್ಲಿ ನಮ್ಮ ಮದುವೆ. ಜಾತಿ ಬೇರೆಯಾದರೂ ಅವರ ತಾಯಿ ಒಪ್ಪಿದ್ದಾರೆ. ನನ್ನ ಅಪ್ಪನೂ ಅತ್ತು ಕರೆದು ಒಪ್ಪಿದ.

ಬೈ, ಆದರೆ ಬಿಟ್ಟು ಹೋಗಬೇಡ. ಇನ್ನೊಂದು ಕೇಳಬೇಕು, ಕೇಳಲು ನಾಚಿಕೆಯೂ ಆಗುತ್ತದೆ. ಮದುವೆಗೆ ನಮ್ಮ ಕಂಪನಿಯ ಸಾಹೇಬರು ಬರುತ್ತಾರೆ, ಇವರ ಇಡೀ ವ್ಯಾಪಾರ ಆ ಸಾಹೇಬರ ಕೈಯಲ್ಲಿದೆ. ಸಾಹೇಬರಿಗೆ ಅವರ ಊರಿನದೇ ಬಿಯರ್ ಕುಡಿಸಬೇಕೆಂದು ಇವರ ಹಟ. ಮುಂಬೈಯ ಏಜೆಂಟರು ಸುಂಕ ಕಟ್ಟಿ ಬಿಡಿಸಿ ಕಳಿಸುತ್ತಾರೆ. ಗೋಧಿಯದು, ಉಪವಾಸದ್ದು, ಹೊಗೆಯದು, ಮೂರೂ. ಕೃಷ್ಣಾಜಿ ಮಾಸ್ತರರ ಮನೆಯಲ್ಲಿ ಇಡಲಾಗದು, ಬ್ಯಾಡಗಿಯ ಮನೆಯಲ್ಲಿ ತಂಪು ಜಾಗವಿಲ್ಲ. ನಿನ್ನ ಕೋಣೆಯಲ್ಲಿ ಇಡುತ್ತೀಯಾ? ಬಿಸಿಲು ತಾಗಿದರೆ ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದೇ ನೆಪದಲ್ಲಿ ನಿಮ್ಮ ನಡುವೆ ಮಾತು ಶುರುವಾಗಲಿ ಎಂದು ನನ್ನ ಆಸೆ.

ಮೇಧಾ


ರಾಣೆಬೆನ್ನೂರು
೧ ನವೆಂಬರ್ ೨೦೦೫

ಮೇಧಾಬಾಯಿಯವರಿಗೆ,

ನಿಮ್ಮ ಕಾಗದ ತಲುಪಿತು. ಪೆಟ್ಟಿಗೆಗಳಿಗೆ ಜಾಗವಿದೆ. ಅವನ್ನು ಒಪ್ಪಿಸಲು ಸಾವಕಾರರೂ ಅವರ ತಾಯಿಯವರೂ ಖುದ್ದು ಬರಬೇಕು, ಮುಂದಿನ ಬಾಗಿಲಿನಿಂದ. ನೀವೂ ಬನ್ನಿರಿ. ನಿಮಗೆ ಒಳ್ಳೆಯದಾಗಲಿ.

ನಿರ್ಮಲಾ


ಹಾವೇರಿ
೧೩ ಫೆಬ್ರವರಿ ೨೦೦೬

ನಿಮ್ಮೀ,

ನೀನು ಫೋನ್ ಎತ್ತುತ್ತಿಲ್ಲ. ನಿನ್ನ ‘ನೀವು’ ಓದಿದಾಗ ತಮಾಷೆ ಮಾಡುತ್ತಿದ್ದೀ, ಸಿಟ್ಟು ಇಳಿಯಿತು ಎಂದುಕೊಂಡಿದ್ದೆ. ಬಿಯರ್ ತರಲು ಕಳಿಸಿದ್ದ ಬುಡನಸಾಬ ಖಾಲಿ ಲಾರಿ ಹೊಡೆದುಕೊಂಡು ಬಂದಿದ್ದಾನೆ. ಅತ್ತೆ ಊಟ ಬಿಟ್ಟಿದ್ದಾರೆ. ಇವರು ಪೇಟೆಗೆ ಹೋಗುತ್ತಿಲ್ಲ, ನನ್ನ ಜೊತೆ ಎರಡು ಮಾತಾಡಿ ಫೋನ್ ಇಟ್ಟರು. ಮದುವೆ ಮುಂದಕ್ಕೆ ಹಾಕುವ ಮಾತು ಕೇಳಿಬರುತ್ತಿದೆ. ಏನು ಮಾಡಿದೆ?

ಪೆಟ್ಟಿಗೆ ಒಪ್ಪಿಸಲು ಅವರಿಬ್ಬರು ಬಂದ ದಿನ ನಾನು ಜೊತೆಗೆ ಬರಲಿಲ್ಲವೆಂದು ಸಿಟ್ಟೇ? ಮದುವೆಯ ಹುಡುಗಿ ಬಾರಿನ ಮೆಟ್ಟಿಲು ಹತ್ತಬಾರದು ಎಂದು ಅತ್ತೆ ಅಂದರು. ಹೊಸ ಸಂಬಂಧ, ನಾನು ಏನೆನ್ನಲಿ?

ಮೇಧಾ


ರಾಣೆಬೆನ್ನೂರು
೧೫ ಫೆಬ್ರವರಿ ೨೦೦೬

ಮೇಧಾ,

ಕೇಳಿದ್ದೀ, ಹೇಳುತ್ತೇನೆ.

ಅವರು ಬಂದರು. ಮುಂದಿನ ಬಾಗಿಲಿನಿಂದಲೇ ಬಂದರು. ಮಟಮಟ ಮಧ್ಯಾಹ್ನ, ಹಾಲಿನಲ್ಲಿ ಮಂದಿ ತುಂಬಿದ್ದರು, ಎದುರಿಗೆ ಬ್ಯಾಡಗಿ ಬಸ್ಸು ನಿಂತಿತ್ತು. ನಾನು ಬೇಡಿಕೊಂಡದ್ದೆಲ್ಲ ಒಂದೇ ದಿನ ಆಯಿತು. ಪ್ರೇಮವ್ವ ಕುರ್ಚಿಯ ಮೇಲೆ ಕೂತರು. ನೀರು ಕೊಟ್ಟೆ. ಗಟಗಟ ಕುಡಿದು ಮತ್ತೊಂದು ಲೋಟ ಕೇಳಿದರು. ನಿನ್ನ ಅವರಿಗೆ ಗೋಧಿಯದನ್ನು ನೀನು ಬರೆದ ಕ್ರಮದಲ್ಲೇ ಓರೆ ಹಿಡಿದು, ಹುದುಗು ಎಬ್ಬಿಸಿ ಸುರಿದುಕೊಟ್ಟೆ. ಎಲ್ಲರ ಎದುರು ಕುಡಿದು, ಮೀಸೆ ಒರೆಸಿಕೊಂಡು, ಬೇಷ್ ಸುರೀತೀರಿ ಅಂದ. ಅವನಿಗೆ ನಾಚಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆರು ವರ್ಷ ಕಾದ ಹೊತ್ತು ಅದು, ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಆಗ ಬಾಯಿಬಿಟ್ಟೆ. ನಿಮ್ಮ ಸೊಸೆಯೂ ಕುಡಿಯುತ್ತಾಳೆ, ನನಗೆ ಕುಡಿಯುವುದು ಕಲಿಸಿದವಳೇ ಅವಳು ಎಂದೆ. ಹೌದು, ನಿನ್ನ ಸಂಬಂಧ ಮುರಿಯಲೆಂದೇ ಹೇಳಿದೆ. ಪ್ರೇಮವ್ವ ಸೆರಗು ಸರಿ ಮಾಡಿಕೊಂಡು ನಕ್ಕರು.

"ಅದು ನನಗ ಗೊತ್ತೈತಿ ತಂಗಿ. ಕುಡಿಯೂದು ಬ್ಯಾರೆ, ಮಾರೂದು ಬ್ಯಾರೆ. ಮಾರೋ ಮನಿ ಹೆಣ್ಣು ನಾವು ಹೆಂಗ ತರೂದು, ನೀನ ಹೇಳು."

ಬಹಳ ಸಮಾಧಾನದಿಂದ, ನನಗೆ ಬುದ್ಧಿ ಹೇಳುವ ಹಿರಿಯಳಂತೆ ಅಂದರು. ನಿನ್ನ ಅವರು ತಲೆಯಾಡಿಸಿ, ಪೆಟ್ಟಿಗೆಗೆ ಬಿಸಿಲು ತಾಗದಂತೆ ನೋಡಿಕೊಳ್ಳಿ ಎಂದು ನನಗೆ ಹೇಳಿ ಎದ್ದ. ಜಾತಿಯನ್ನು ಕ್ಷಮಿಸಿದ್ದಾರೆ, ಕುಡಿತವನ್ನು ಕ್ಷಮಿಸಿದ್ದಾರೆ. ಅಪ್ಪನ ಅಂಗಡಿ ಮಾತ್ರ ಕ್ಷಮೆಗೆ ಬರುವಂಥದ್ದಲ್ಲ. ಅದೇ ಅಂಗಡಿಯ ಮೆಟ್ಟಿಲು ಹತ್ತಬಾರದೆಂದು ನೀನೂ ಮನೆಯಲ್ಲಿ ಕೂತೆ, ಮೇಧಾ. ಅವರ ಮಾತು ನನಗೆ ಹತ್ತಿದ್ದಕ್ಕಿಂತ ಇದು ಹೆಚ್ಚು ಹತ್ತಿತು.

ಮರುದಿನ ಬಾಗಿಲಲ್ಲಿ ಹಲಗೆ ಇಟ್ಟೆ. ಸುಣ್ಣದಲ್ಲಿ ನಾನೇ ಬರೆದೆ: ‘ಬ್ಯಾಡಗಿ ಶಂಭುಲಿಂಗ ಸಾವಕಾರರ ಬಿಯರ್ ಇಲ್ಲಿ ಮಾರಾಟಕ್ಕಿದೆ.’ ನಮ್ಮ ಸ್ಟ್ರಾಂಗಿನ ರೇಟಿಗೇ ಇಟ್ಟೆ. ಅಬಕಾರಿಯವರು ಬಂದರೆ ಬರಲಿ ಎಂದುಕೊಂಡೆ. ಬ್ಯಾಡಗಿ ಬಸ್ಸಿನಿಂದ ಇಳಿದವರು ಓದಿದರು, ಪೇಟೆಯ ಹಮಾಲರು ಬಂದರು, ಹಲಗೇರಿಯ ರೈತರು ಬಂದರು. ಒಬ್ಬೊಬ್ಬರಿಗೂ ಹೇಗೆ ಹಿಡಿಯಬೇಕು, ಹೇಗೆ ಮೂಸಬೇಕು ಎಂದು ಹೇಳಿಕೊಟ್ಟೆ. ಇದರಾಗ ಬಾಳೆಹಣ್ಣು ಹಿಂಡ್ಯಾರೇನು ಎಂದು ಒಬ್ಬ ಹಮಾಲ ಬಾಟಲಿಯ ತಳ ನೋಡಿದ. ಕರಿಯದಕ್ಕೆ ಮುದುಕರು ಮುಗಿಬಿದ್ದರು, ಒಂದು ಗ್ಲಾಸಿಗೆ ರಾತ್ರಿಯ ರೊಟ್ಟಿ ಬೇಡವಾಯಿತು ಎಂದರು. ಅಂಗಡಿಯಲ್ಲಿ ಅಷ್ಟು ನಗು ನಾನು ಕೇಳಿರಲಿಲ್ಲ. ಹೊಗೆಯದನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ಉಳಿದದ್ದಕ್ಕೆ ಸ್ಟ್ರಾಂಗಿನ ರೇಟೇ ಗಲ್ಲಾಕ್ಕೆ ಹಾಕಿ ನಾನೇ ಕುಡಿದೆ. ನೀನು ಬರೆದದ್ದು ಖರೇ, ಅದು ಸುಟ್ಟ ಬದನೆಕಾಯಿಯೇ. ಬಹಳ ರುಚಿಯಾಗಿತ್ತು. ಕುಡಿಯುವಾಗ ನಿನ್ನ ನೆನಪಾಗಿ ಅಳು ಬಂತು, ಅತ್ತೆ. ಅತ್ತ ಮೇಲೂ ಸಿಟ್ಟು ಹೋಗಲಿಲ್ಲ.

ನಿನ್ನ ಮದುವೆ ನಡೆದರೆ ನಡೆಯಲಿ. ಮುರಿದರೆ ನಿನ್ನ ಪಕ್ಕ ಬಂದು ಮಲಗುವವಳು ನಾನಲ್ಲ.

ನಾನು ಕಳ್ಳಿಯಲ್ಲ, ವ್ಯಾಪಾರದವಳು. ಬುಡನಸಾಬ ಪೆಟ್ಟಿಗೆ ಒಯ್ಯಲು ಬಂದಾಗ ಮಾರಿದ ರೊಕ್ಕವನ್ನೆಲ್ಲ ಕೈಗೆ ಕೊಟ್ಟೆ, ಪ್ರೇಮವ್ವನವರ ಕೈಗೇ ಮುಟ್ಟಿಸು ಎಂದೆ. ನಿನ್ನೆ ಈ ಕಡೆ ಬಂದಾಗ ಹೇಳಿಹೋದ. ಮೆಣಸಿನಕಾಯಿಯ ಸಂತೆಯ ದಿನವಂತೆ, ಸಾವಕಾರರ ಅಂಗಡಿಯ ತುಂಬ ದಲಾಲರು, ಪರಊರಿನ ಖರೀದಿದಾರರು. ಅಲ್ಲೇ ಕೂತಿದ್ದ ಪ್ರೇಮವ್ವನವರ ಕೈಗೆ ರೊಕ್ಕದ ಗಂಟು ಕೊಟ್ಟಾಗ ಯಾರೋ, ಸಾವಕಾರರದ್ದು ಹೊಸಾ ಧಂದೆ ಏನು ಬುಡನಸಾಬ ಎಂದು ಕೇಳಿದರಂತೆ. ಅವನು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

"ಸೆರಿ ಮಾರಿದ ರೊಕ್ಕ ರೀ" ಅಂದನಂತೆ.

ನಿರ್ಮಲಾ ಅಂದಾನೆಪ್ಪ